‘ಬಾರ್ 0ಕ್ಕೆ ಜಾಗ ಇಲ್ಲ’ ಅನ್ನುತ್ತಿದೆ ಕರ್ನಲ್. ಇಂಥದ್ದರ ಕಾರಣವನ್ನು ನೀವು ಎಲ್ಲಿಂದ ಹುಡುಕುತ್ತೀರಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿಡಿಯೊ ಸೆರೆಹಿಡಿಯುವ ಒಂದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿಗೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. ಕಾರ್ಡ್ ಮೇಲಿರುವುದು ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನು ಬೇಕಾದ ಹಾಗೆ ಬದಲಿಸಬಹುದಾದ ಚಿಪ್. ಹೋದ ತಿಂಗಳವರೆಗೂ ಎಲ್ಲ ಸರಿಯಿತ್ತು. ಕರ್ನಲ್ 5.15ರಿಂದ 6.6ಕ್ಕೆ ಬಂದಮೇಲೆ ಬೂಟ್ ಲಾಗಿನಲ್ಲಿ ‘ಬಾರ್ 0: ನೋ ಸ್ಪೇಸ್’ ಅಂತ ಒಂದು ಸಾಲು, ಅದರ ಕೆಳಗೇ ‘ಫೇಲ್ಡ್ ಟು ಅಸೈನ್’ ಅಂತ ಇನ್ನೊಂದು. ಕಾರ್ಡನ್ನು ಸಿದ್ಧಮಾಡುವ ಡ್ರೈವರಿನ ಪ್ರೋಬ್ ಫಂಕ್ಷನ್ ಮೈನಸ್ 22 ಅನ್ನುವ ಎರರ್ ಕೋಡ್ ಕೊಟ್ಟು ನಿಲ್ಲುತ್ತದೆ. ಯಂತ್ರದಲ್ಲಿ 32 ಜಿಬಿ ಮೆಮೊರಿ ಇದೆ, ಜಾಗ ಇಲ್ಲ ಅಂದರೆ ಏನರ್ಥ? ಕರ್ನಲ್‌ನದೇ ಬಗ್ ಇರಬೇಕು ಅಂದುಕೊಂಡು ಎರಡು ದಿನದಿಂದ ಅಲೊಕೇಶನ್ ಕೋಡ್ ಓದುತ್ತಿದ್ದೇನೆ, ತಲೆಬುಡ ಸಿಗುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1

ಸರ್, ಇಲ್ಲಿ ಜಾಗ ಅಂದರೆ ರ‍್ಯಾಮ್ ಅಲ್ಲ, ವಿಳಾಸ. ಕಾರ್ಡ್ ತನಗೆ ಇಷ್ಟು ವಿಳಾಸ ಬೇಕು ಅಂತ ಕೇಳುವ ರಿಜಿಸ್ಟರೇ ಬಾರ್, ಬಾರ್ 0 ಅಂದರೆ ಅದರಲ್ಲಿ ಮೊದಲನೆಯದು. 32 ಜಿಬಿ ಇದ್ದರೂ 128 ಜಿಬಿ ಇದ್ದರೂ 4 ಜಿಬಿ ಗೆರೆಯ ಕೆಳಗೆ ಡಿವೈಸುಗಳಿಗೆ ಸಿಗುವ ವಿಳಾಸ ಅಷ್ಟೇ ಇರುತ್ತದೆ, ಬಹಳ ಕಡಿಮೆ.

ಅಲೊಕೇಶನ್ ಕೋಡನ್ನು ಸದ್ಯಕ್ಕೆ ಮುಚ್ಚಿಡಿ. ಲಾಗನ್ನು ಮೇಲಿನಿಂದ ಓದಿ. ಡಿವೈಸಿಗೆ ವಿಳಾಸ ಕೊಡುವುದು ಅದರ ಮೇಲಿನ ಬ್ರಿಡ್ಜಿನ (ಎರಡು ಬಸ್ಸುಗಳನ್ನು ಜೋಡಿಸುವ ಭಾಗ) ವಿಂಡೋ ಒಳಗೆ. ವಿಂಡೋ ಅಂದರೆ ಬ್ರಿಡ್ಜ್ ಕೆಳಕ್ಕೆ ಬಿಡುವ ವಿಳಾಸಗಳ ವ್ಯಾಪ್ತಿ. ಆ ವಿಂಡೋ ಇರುವುದು ಅದಕ್ಕೂ ಮೇಲಿನ ಬ್ರಿಡ್ಜಿನ ವಿಂಡೋ ಒಳಗೆ. ಎಲ್ಲಕ್ಕೂ ಮೇಲೆ, ಹೋಸ್ಟ್ ಬ್ರಿಡ್ಜಿಗೆ ಇಷ್ಟು ಸಿಗುತ್ತದೆ ಅಂತ ಫರ್ಮ್‌ವೇರ್ (ಬೂಟ್ ಆಗುವಾಗ ಮೊದಲು ಓಡುವ ಯಂತ್ರದ ತಂತ್ರಾಂಶ) ಎಸಿಪಿಐ ಅನ್ನುವ ಪಟ್ಟಿಗಳ ಮೂಲಕ ಹೇಳಿರುತ್ತದೆ. ‘ರೂಟ್ ಬಸ್ ರಿಸೋರ್ಸ್’ ಅನ್ನುವ ಸಾಲುಗಳು ಅವೇ. ಅವನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಆಮೇಲೆ ಪ್ರೋಕ್ ಕೆಳಗಿನ ಐಒಮೆಮ್ ಫೈಲ್ ತೆರೆದು, ಯಾರು ಎಲ್ಲಿಂದ ಎಲ್ಲಿಯವರೆಗೆ ಕೂತಿದ್ದಾರೆ ಅಂತ ಪಕ್ಕದಲ್ಲಿ ಗುರುತು ಹಾಕಿ. ಸುಡೊ ಹಾಕಿಯೇ ತೆರೆಯಿರಿ, ಇಲ್ಲದಿದ್ದರೆ ವಿಳಾಸಗಳೆಲ್ಲ ಸೊನ್ನೆ ಕಾಣಿಸುತ್ತವೆ. ನಮ್ಮ ತಂಡದಲ್ಲಿ ಹೊಸಬರೊಬ್ಬರು ಆ ಸೊನ್ನೆಗಳನ್ನೇ ಬಗ್ ಅಂದುಕೊಂಡು ಅರ್ಧ ದಿನ ಒದ್ದಾಡಿದ್ದರು.

ನನಗೆ ಆದದ್ದನ್ನೇ ಹೇಳುತ್ತೇನೆ. ಕಾರ್ಡ್ ಕೇಳಿದ್ದು 256 ಎಂಬಿ. ಹಾಳೆಯ ಮೇಲೆ ನೋಡಿದರೆ 3200ನೇ ಎಂಬಿಯಿಂದ 3560ನೇ ಎಂಬಿವರೆಗೆ ಪೂರ್ತಿ ಖಾಲಿ, 360 ಎಂಬಿ. ಆದರೂ ‘ನೋ ಸ್ಪೇಸ್’. ಕರ್ನಲ್ ಲೆಕ್ಕ ತಪ್ಪುತ್ತಿದೆ ಅಂತ ನನಗೂ ಗಟ್ಟಿಯಾಗಿ ಅನ್ನಿಸಿತ್ತು. ತಪ್ಪಿದ್ದು ನಾನು. ಬಾರ್ ಎಷ್ಟು ದೊಡ್ಡದೋ ಅದರ ಗುಣಕದಲ್ಲೇ ಅದು ಶುರುವಾಗಬೇಕು. ಬಾರ್ ರಿಜಿಸ್ಟರಿಗೆ ಎಲ್ಲ ಬಿಟ್ಟೂ 1 ಅಂತ ಬರೆದು ತಿರುಗಿ ಓದಿದರೆ ಕೆಳಗಿನ ಬಿಟ್ಟುಗಳು ಸೊನ್ನೆಯಾಗಿಯೇ ಉಳಿಯುತ್ತವೆ. ಅಳತೆ ತಿಳಿಯುವುದೂ ಅದರಿಂದಲೇ, ಮಧ್ಯದ ವಿಳಾಸ ಕೊಡಲು ಬಾರದಿರುವುದೂ ಅದರಿಂದಲೇ. 256ರ ಗುಣಕ ಅಲ್ಲಿ 3328. ಅಲ್ಲಿಂದ 3584ರವರೆಗೆ ಬೇಕು, ಖಾಲಿ ಇರುವುದು 3560ರವರೆಗೆ. 24 ಎಂಬಿಯಲ್ಲಿ ತಪ್ಪಿತು.

ನಿಮ್ಮ ಬಾರ್ 32 ಬಿಟ್ಟಿನದೋ 64ರದೋ, ಪ್ರಿಫೆಚಬಲ್ (ಮುಂಚಿತವಾಗಿ ಓದಿಬಿಟ್ಟರೂ ತೊಂದರೆಯಾಗದ್ದು) ಹೌದೋ ಅಲ್ಲವೋ ಅಂತ ಎಲ್‌ಎಸ್‌ಪಿಸಿಐ ಕಮಾಂಡಿಗೆ ಎರಡು ವಿ ಕೊಟ್ಟು ನೋಡಿ. ಬರೀ 64 ಬಿಟ್ ಆದರೆ ಸಾಲದು. ಬ್ರಿಡ್ಜಿನ ಪ್ರಿಫೆಚಬಲ್ ಅಲ್ಲದ ವಿಂಡೋ 32 ಬಿಟ್ಟಿನದು ಮಾತ್ರ, ಹಾಗಾಗಿ ಬ್ರಿಡ್ಜಿನ ಹಿಂದಿರುವ ಡಿವೈಸ್ 4 ಜಿಬಿ ದಾಟಬೇಕಾದರೆ ಬಾರ್ 64 ಬಿಟ್ಟಿನದೂ ಪ್ರಿಫೆಚಬಲ್ಲೂ ಆಗಿರಬೇಕು. ಇದು ಗೊತ್ತಿಲ್ಲದೆ ಬಹಳ ಮಂದಿ ಸಮಯ ಕಳೆಯುತ್ತಾರೆ. ಫರ್ಮ್‌ವೇರ್ ಸೆಟಪ್‌ನಲ್ಲಿ ‘ಅಬೌವ್ 4ಜಿ ಡಿಕೋಡಿಂಗ್’ ಆನ್ ಇರಬೇಕು ಅನ್ನುವುದು ಬೇರೆ.

ಮೇಲೆ ಜಾಗ ಇದ್ದು ಮಧ್ಯದ ಬ್ರಿಡ್ಜಿಗೆ ಫರ್ಮ್‌ವೇರ್ ಕೊಟ್ಟ ವಿಂಡೋ ಮಾತ್ರ ಚಿಕ್ಕದಾಗಿದ್ದರೆ, ‘ಪಿಸಿಐ=ರಿಅಲೊಕ್’ ಹಾಕಿ ಬೂಟ್ ಮಾಡಿದಾಗ ಕರ್ನಲ್ ಮತ್ತೆ ಹಂಚಿ ನೋಡುತ್ತದೆ. ಆಗ ಡಿಸ್‌ಪ್ಲೇಯ ಬಾರ್ ಕೂಡ ಜಾಗ ಬದಲಿಸಿ ಸ್ಕ್ರೀನ್ ಕಪ್ಪಾಗುವುದುಂಟು, ಸೀರಿಯಲ್ ಕನ್ಸೋಲ್ ಇಟ್ಟುಕೊಂಡೇ ಮಾಡಿ.

ಉತ್ತರ 2

ಇದು ಮೈನಸ್ 22ರ ಕಥೆಯಲ್ಲ, ಮೈನಸ್ 16ರದು. ಡ್ರೈವರ್ ಬರೆಯುವವರು ನೀವಾದ್ದರಿಂದ ಒಂದಲ್ಲ ಒಂದು ದಿನ ನಿಮಗೂ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಡ್ರೈವರ್ ಮೊದಲ ಸಲ ಲೋಡ್ ಮಾಡಿದಾಗ ಕಾರ್ಡಿನ ಫರ್ಮ್‌ವೇರ್ ಫೈಲ್ ಸಿಗದೆ ಮೈನಸ್ 2 ಕೊಡುತ್ತಿತ್ತು. ಫೈಲ್ ಇಟ್ಟು ಮತ್ತೆ ಲೋಡ್ ಮಾಡಿದರೆ ಮೈನಸ್ 16, ಅಂದರೆ ರೀಜನ್ (ಡ್ರೈವರ್ ತನ್ನದೆಂದು ಹಿಡಿಯುವ ವಿಳಾಸದ ಭಾಗ) ಬೇರೆಯವರ ಕೈಯಲ್ಲಿದೆ. ರೀಬೂಟ್ ಮಾಡಿದರೆ ಸರಿ. ಮೂರು ದಿನ ಬೇರೆ ಯಾವ ಡ್ರೈವರ್ ಹಿಡಿದಿದೆ ಅಂತ ಹುಡುಕಿದೆ. ಹಿಡಿದಿದ್ದದ್ದು ನನ್ನದೇ: ಪ್ರೋಬ್ ಅರ್ಧಕ್ಕೆ ಬಿದ್ದಾಗ ರೀಜನ್ ಬಿಡುವ ಸಾಲು ಎರರ್ ದಾರಿಯಲ್ಲಿ ಇರಲಿಲ್ಲ. ಮಾಡ್ಯೂಲ್ ತೆಗೆದಮೇಲೂ ಐಒಮೆಮ್‌ನಲ್ಲಿ ಆ ನಮೂದು ಉಳಿದಿತ್ತು, ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು. ಹೆಸರಿನ ಸ್ಟ್ರಿಂಗ್ ಇದ್ದದ್ದು ಮಾಡ್ಯೂಲಿನ ಮೆಮೊರಿಯಲ್ಲಿ, ಆ ಮೆಮೊರಿಯೇ ಹೋಗಿತ್ತು. ಅಂಥ ನಮೂದು ಓದುವಾಗ ಕರ್ನಲ್ ಊಪ್ಸ್ (ಕರ್ನಲ್ ಒಳಗಿನ ಗಂಭೀರ ಎರರ್) ಕೂಡ ಆಗಬಹುದು. ಅಂದಿನಿಂದ ತಾನೇ ಬಿಡುಗಡೆ ಮಾಡುವ ಡೆವ್‌ಎಂ ಮತ್ತು ಪಿಸಿಐಎಂ ಫಂಕ್ಷನ್‌ಗಳನ್ನೇ ಬಳಸುತ್ತೇನೆ.

ಉತ್ತರ 3

ನಾನು ಆರ್ಮ್ ಬೋರ್ಡುಗಳ ಮೇಲೆ ಕೆಲಸ ಮಾಡುವವಳು. ಅಲ್ಲಿ ಈ ತೊಂದರೆ ಡಿವೈಸ್ ಟ್ರೀ ಮೂಲಕ ಬರುತ್ತದೆ, ಅಂದರೆ ಬೋರ್ಡಿನಲ್ಲಿ ಯಾವ ಡಿವೈಸ್ ಎಲ್ಲಿದೆ ಅಂತ ಕರ್ನಲ್‌ಗೆ ಹೇಳುವ ಫೈಲ್. ಒಂದೊಂದು ಡಿವೈಸಿಗೆ ಒಂದೊಂದು ನೋಡ್. 32 ಬಿಟ್ ಬೋರ್ಡಿನ ಒಂದು ನೋಡ್ ಅನ್ನು 64 ಬಿಟ್ ಬೋರ್ಡಿಗೆ ಎತ್ತಿ ಹಾಕಿದ್ದೆವು. ಅದರ ‘ರೆಗ್’ನಲ್ಲಿ ನಾಲ್ಕು ಸಂಖ್ಯೆ: ವಿಳಾಸ, ಅಳತೆ, ಇನ್ನೊಂದು ವಿಳಾಸ, ಇನ್ನೊಂದು ಅಳತೆ. ಹೊಸ ಬೋರ್ಡಿನಲ್ಲಿ ವಿಳಾಸಕ್ಕೆ ಎರಡು ಸೆಲ್ (32 ಬಿಟ್ಟಿನ ಸಂಖ್ಯೆ), ಅಳತೆಗೆ ಎರಡು ಸೆಲ್. ಹಾಗಾಗಿ ಕರ್ನಲ್ ಆ ನಾಲ್ಕನ್ನೂ ಸೇರಿಸಿ ಒಂದೇ ರೀಜನ್ ಅಂತ ಓದಿತು. ಮೊದಲ ವಿಳಾಸ ಮೇಲಿನ 32 ಬಿಟ್ಟಿಗೆ ಹೋಗಿ ಎಲ್ಲಿಯದೋ ಆಕಾಶದ ವಿಳಾಸ. ಸಂಖ್ಯೆಗಳ ಎಣಿಕೆ ಸರಿಹೊಂದುವುದರಿಂದ ಉದ್ದದ ತಪಾಸಣೆ ದಾಟಿಬಿಟ್ಟಿತು. ಲಾಗಿನಲ್ಲಿ ಕಂಡ ವಿಳಾಸವನ್ನು ಚಿಪ್ಪಿನ ಮ್ಯಾನುಯಲ್ ಜೊತೆ ಹೋಲಿಸಿದ ಮೇಲೇ ಗೊತ್ತಾದದ್ದು.

ಉತ್ತರ 4

ಕರ್ನಲ್‌ನದೇ ತಪ್ಪು ಎಂದೂ ಇರುವುದಿಲ್ಲ ಅಂತ ಯಾರೂ ತಿಳಿಯಬಾರದು. ನನ್ನ ಒಂದು ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡ್ ಸತ್ತಿತ್ತು. ಟಚ್‌ಪ್ಯಾಡ್ ಕೂಡಿಸಿರುವ ಐ2ಸಿ ಅನ್ನುವ ಬಸ್ಸಿನ ಕಂಟ್ರೋಲರಿನ ಬಾರಿಗೆ ವಿಳಾಸ ಸಿಕ್ಕಿರಲಿಲ್ಲ. ಇದರ ಬೇರು 2010ರ ಒಂದು ಬದಲಾವಣೆಯಲ್ಲಿದೆ: ಇ820 ಪಟ್ಟಿಯಲ್ಲಿ (ಫರ್ಮ್‌ವೇರ್ ಕೊಡುವ ಮೆಮೊರಿ ನಕ್ಷೆ) ಫರ್ಮ್‌ವೇರ್ ಕಾಯ್ದಿರಿಸಿದ ಭಾಗಗಳನ್ನು ಕತ್ತರಿಸಿ ಬಿಡಬೇಕು, ಡಿವೈಸುಗಳಿಗೆ ಕೊಡಬಾರದು ಅಂತ. ಆಗಿನ ಯಂತ್ರಗಳಿಗೆ ಅದು ಬೇಕಾಗಿತ್ತು. ಮುಂದೆ ಬಂದ ಕೆಲವು ಫರ್ಮ್‌ವೇರುಗಳು ಹೋಸ್ಟ್ ಬ್ರಿಡ್ಜಿನ ಪೂರ್ತಿ ವಿಂಡೋವನ್ನೇ ಕಾಯ್ದಿರಿಸಿದ್ದು ಅಂತ ಬರೆದವು. ಹಂಚಲು ಏನೂ ಉಳಿಯಲಿಲ್ಲ. 2022ರಲ್ಲಿ ಬಂದ 5.19ರಲ್ಲಿ ‘ಪಿಸಿಐ=ನೋ_ಇ820’ ಅನ್ನುವ ಆಯ್ಕೆ ಬಂತು, 2023ರಿಂದೀಚಿನ ಫರ್ಮ್‌ವೇರ್ ಇದ್ದರೆ ಆ ಕತ್ತರಿಸುವಿಕೆ ತಾನೇ ನಿಲ್ಲುವಂತೆಯೂ ಆಯಿತು. ಆ ಆಯ್ಕೆ ಹಾಕಿ ಒಮ್ಮೆ ಬೂಟ್ ಮಾಡಿದೆ, ಟಚ್‌ಪ್ಯಾಡ್ ಎದ್ದಿತು.

ನಿಮಗೆ ಕೇಳಬೇಕಾದ್ದು: ಕರ್ನಲ್ ಬದಲಾಯಿಸಿದ ದಿನ ಬೇರೆ ಏನನ್ನಾದರೂ ಬದಲಾಯಿಸಿದಿರಾ? ಈಗಿನ ಕಾರ್ಡನ್ನು ಈಗಿರುವ ಹಾಗೇ 5.15ರಲ್ಲಿ ಬೂಟ್ ಮಾಡಿ. ಅಲ್ಲಿ ಓಡಿದರೆ ಮಾತ್ರ ಗಿಟ್ ಬೈಸೆಕ್ಟ್ (ತಪ್ಪು ತಂದ ಬದಲಾವಣೆಯನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಹುಡುಕುವುದು) ಹಿಡಿಯಿರಿ. ಅಕ್ಕಪಕ್ಕದ ಎರಡು ಆವೃತ್ತಿಗಳ ನಡುವೆಯೇ ಸುಮಾರು 14 ಬಿಲ್ಡ್ ಬೇಕು, 5.15ರಿಂದ 6.6 ಅಂದರೆ ಇನ್ನೂ ಮೂರ್ನಾಲ್ಕು ಸೇರಿಸಿಕೊಳ್ಳಿ. ಬೀಳುವ ಲಾಗು, ಓಡುವ ಲಾಗು ಎರಡನ್ನೂ ಪೂರ್ತಿ ಉಳಿಸಿ. ಮೇಂಟೇನರ್ ಮೊದಲು ಕೇಳುವುದೇ ಅವನ್ನು.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ನಾಲ್ಕನೇ ಉತ್ತರದವರು ಕೇಳಿದ್ದೇ ಸರಿ. ಅದೇ ವಾರ ಕಾರ್ಡಿಗೆ ಹೊಸ ಬಿಟ್‌ಸ್ಟ್ರೀಮ್ (ಎಫ್‌ಪಿಜಿಎ ಒಳಗಿನ ಸರ್ಕ್ಯೂಟನ್ನು ಹೇಳುವ ಫೈಲ್) ಹಾಕಿದ್ದೆವು. 5.15ರಲ್ಲಿ ಬೂಟ್ ಮಾಡಿ ನೋಡಿದೆ, ಅಲ್ಲೂ ‘ನೋ ಸ್ಪೇಸ್’. ಹಳೆಯ ಬಿಟ್‌ಸ್ಟ್ರೀಮ್ ಹಾಕಿದರೆ 6.6ರಲ್ಲೂ ಓಡುತ್ತದೆ. ಹೊಸದರಲ್ಲಿ ಬಾರ್ 0 ಅನ್ನು 16 ಎಂಬಿಯಿಂದ 512 ಎಂಬಿಗೆ ಏರಿಸಿದ್ದಾರೆ, 32 ಬಿಟ್, ಪ್ರಿಫೆಚಬಲ್ ಅಲ್ಲ. ಹಾಳೆಯ ಮೇಲೆ ಬರೆದು ನೋಡಿದೆ, 4 ಜಿಬಿ ಕೆಳಗೆ 512ರ ಯಾವ ಗುಣಕದಲ್ಲೂ ಅಷ್ಟು ಖಾಲಿ ಇಲ್ಲ. ಇಡೀ ಬಾರ್ ಅನ್ನು 64 ಬಿಟ್ ಪ್ರಿಫೆಚಬಲ್ ಮಾಡಿಬಿಡಲೇ?

ಉತ್ತರ 1

ಇಡೀ ಬಾರ್ ಬೇಡ ಸರ್. ಅದರಲ್ಲಿ ನಿಮ್ಮ ಕಂಟ್ರೋಲ್ ರಿಜಿಸ್ಟರುಗಳೂ ಇವೆ ತಾನೆ? ಓದಿದೊಡನೆ ಅಳಿಯುವ ಇಂಟರಪ್ಟ್ ಸ್ಟೇಟಸ್, ಓದಿದರೆ ಒಂದು ಹೆಜ್ಜೆ ಮುಂದೆ ಹೋಗುವ ಫಿಫೊ (ಮೊದಲು ಬಂದದ್ದು ಮೊದಲು ಹೋಗುವ ಸಾಲು), ಇಂಥವು ಪ್ರಿಫೆಚಬಲ್ ಜಾಗದಲ್ಲಿ ಇರಕೂಡದು. ಯಾರೂ ಕೇಳದೆಯೇ ಮುಂಚಿತವಾಗಿ ಓದಿಬಿಟ್ಟರೆ ಇಂಟರಪ್ಟ್ ಕಳೆದುಹೋಗುತ್ತದೆ, ಆ ಬಗ್ ಹುಡುಕುವುದು ಇದಕ್ಕಿಂತ ಕಷ್ಟ. ರಿಜಿಸ್ಟರುಗಳನ್ನು ಬಾರ್ 0ರಲ್ಲಿ 64 ಕೆಬಿಗೆ ಇಟ್ಟು, ಫ್ರೇಮ್ ಮೆಮೊರಿಯನ್ನು ಮಾತ್ರ ಬಾರ್ 2ಕ್ಕೆ 64 ಬಿಟ್ ಪ್ರಿಫೆಚಬಲ್ ಆಗಿ ಕೊಡಲು ಹೇಳಿ. ಬಾರ್ 3 ಅದರ ಮೇಲಿನ ಅರ್ಧಕ್ಕೆ ಹೋಗುತ್ತದೆ, ಅದನ್ನು ಬೇರೆಯದಕ್ಕೆ ಬಳಸಬೇಡಿ.

ಕೇಳಿದವರು

ಹಾಗೇ ಮಾಡಿದೆವು. ಇವತ್ತು ಬೆಳಿಗ್ಗೆಯ ಲಾಗಿನಲ್ಲಿ ಎರಡೂ ಬಾರ್‌ಗಳ ಮುಂದೆ ‘ಅಸೈನ್ಡ್’ ಇದೆ, ಬಾರ್ 2 ಕೂತಿರುವುದು 4 ಜಿಬಿ ಗೆರೆಯ ಮೇಲೆ. ಪ್ರೋಬ್ ಸೊನ್ನೆ ಕೊಟ್ಟಿತು. ಡ್ರೈವರಿನ ಎರರ್ ದಾರಿಗಳನ್ನೂ ಕೂತು ನೋಡಿದೆ, ಒಂದು ಕಡೆ ರೀಜನ್ ಬಿಡುವುದು ನಿಜವಾಗಿಯೂ ತಪ್ಪಿಹೋಗಿತ್ತು.