211 ಕಣ ಅಷ್ಟು ದೊಡ್ಡದಿದ್ದೂ ಫ್ಲಕ್ಸನ್ನು ಹೇಗೆ ಹಿಡಿಯುತ್ತದೆ?

ಪ್ರಶ್ನೆ:
ವೈಬಿಸಿಒ (ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡ್ ಸೂಪರ್ ಕಂಡಕ್ಟರ್) ಬಲ್ಕ್, ಅಂದರೆ ಅದರ ಗಟ್ಟಿ ತುಂಡಿನ ಬಗ್ಗೆ ಓದುವಾಗ ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. 77 ಕೆಲ್ವಿನ್‌ನಲ್ಲಿ ವೋರ್ಟೆಕ್ಸ್ (ಒಳಹೊಕ್ಕ ಕಾಂತೀಯ ಫ್ಲಕ್ಸಿನ ಒಂದು ಎಳೆ) ಕೋರ್, ಅಂದರೆ ಅದರ ನಡುಭಾಗ, ಕೆಲವೇ ನ್ಯಾನೋಮೀಟರ್ ಅಗಲ. ಪಿನ್ನಿಂಗ್‌ಗೆ (ಆ ಎಳೆ ಸರಿಯದಂತೆ ಹಿಡಿಯೋದಕ್ಕೆ) ಅಂತ ಸೇರಿಸುವ 211 ಕಣಗಳು (ಇಟ್ರಿಯಂ, ಬೇರಿಯಂ, ತಾಮ್ರ 2:1:1 ಇರುವ ಆಕ್ಸೈಡ್) ಮೈಕ್ರಾನ್ ಲೆಕ್ಕದಲ್ಲಿರುತ್ತವೆ. ಪಿನ್ ಮಾಡೋ ಜಾಗ ಕೋರಿನಷ್ಟೇ ಇದ್ದರೆ ಒಳ್ಳೆಯದು ಅಂತಾರಲ್ವಾ? ಹಾಗಿದ್ರೆ ಇವು ನಿಜಕ್ಕೂ ಕೆಲಸ ಮಾಡ್ತವಾ, ಸುಮ್ನೆ ಜಾಗ ತಿನ್ನುತ್ತವಾ?

ಉತ್ತರ 1:
ಮಾಡ್ತವೆ, ಆದರೆ ಅಂಚಿನಲ್ಲಿ. ಕೋರ್ ಇರುವ ಕಡೆ ಸೂಪರ್ ಕಂಡಕ್ಟಿವಿಟಿ ಸಾಯಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ. 211 ಮೊದಲೇ ಸೂಪರ್ ಕಂಡಕ್ಟರ್ ಅಲ್ಲ, ಹಾಗಾಗಿ ವೋರ್ಟೆಕ್ಸ್ ಅದರೊಳಗೆ ಹಾದುಹೋದಷ್ಟು ಉದ್ದಕ್ಕೆ ಆ ಖರ್ಚು ಉಳಿಯಿತು. ಕಣದ ನಡುವೆ ಅದು ಅತ್ತಿತ್ತ ಸರಿದರೂ ಶಕ್ತಿಯಲ್ಲಿ ವ್ಯತ್ಯಾಸವಿಲ್ಲ, ತಡೆಯೂ ಇಲ್ಲ. ಅಂಚು ದಾಟಿ ಹೊರಗೆ ಬರುವಾಗ ಮಾತ್ರ ಬಲ ಬೇಕು. ಅಂದ ಮೇಲೆ ಲೆಕ್ಕಕ್ಕೆ ಬರೋದು ಒಟ್ಟು ಮೇಲ್ಮೈ: ಅಷ್ಟೇ 211 ಹಾಕಿ ಕಣ ಸಣ್ಣ ಮಾಡಿದರೆ ಮೇಲ್ಮೈ ಜಾಸ್ತಿ, ಜೆಸಿ (ತಡೆಯಿಲ್ಲದೆ ಹರಿಯಬಲ್ಲ ಗರಿಷ್ಠ ಕರೆಂಟ್ ಸಾಂದ್ರತೆ) ಜಾಸ್ತಿ. ಕಣಗಳು ಬೆಳೆಯದಿರಲಿ ಅಂತ ಪ್ಲಾಟಿನಂ ಅಥವಾ ಸೀರಿಯಂ ಆಕ್ಸೈಡ್ ಸ್ವಲ್ಪ ಬೆರೆಸೋದು ಇದಕ್ಕೇ.

ಉತ್ತರ 2:
ಮೇಲಿನದು ಕಡಿಮೆ ಫೀಲ್ಡಿಗೆ (ಕಾಂತಕ್ಷೇತ್ರಕ್ಕೆ) ಸರಿ. 1 ಟೆಸ್ಲಾದಲ್ಲೇ ವೋರ್ಟೆಕ್ಸ್‌ಗಳ ನಡುವಿನ ಅಂತರ ಸುಮಾರು 50 ನ್ಯಾನೋಮೀಟರ್‌ಗೆ ಇಳಿಯುತ್ತದೆ, ಆಮೇಲೆ 211 ಒಂದನ್ನೇ ನಂಬಿ ಕೂರೋಕಾಗಲ್ಲ. ಅಲ್ಲಿ ಆಮ್ಲಜನಕ ಕಡಿಮೆ ಇರುವ ಪುಟ್ಟ ಪುಟ್ಟ ಜಾಗಗಳು ನೆರವಿಗೆ ಬರುತ್ತವೆ. ಕಡಿಮೆ ಫೀಲ್ಡಿನಲ್ಲಿ ಅವೂ ಸೂಪರ್ ಕಂಡಕ್ಟರ್‌ಗಳೇ. ಫೀಲ್ಡ್ ಏರಿದಂತೆ ಸುತ್ತಲಿನದಕ್ಕಿಂತ ಮೊದಲು ಸೋಲುತ್ತವೆ, ಸೋತ ಮೇಲೆ ಒಳ್ಳೆಯ ಪಿನ್ ಆಗುತ್ತವೆ. ಫೀಲ್ಡ್ ಏರಿದಂತೆ ಜೆಸಿ ಹೇಗೆ ಬದಲಾಗುತ್ತದೆ ಅಂತ ತೋರಿಸುವ ಗ್ರಾಫಿನಲ್ಲಿ ಕಾಣುವ ಎರಡನೇ ಉಬ್ಬಿಗೆ ಸಾಮಾನ್ಯವಾಗಿ ಕೊಡುವ ಕಾರಣ ಇದು. ನಿಯೋಡಿಮಿಯಂ, ಸಮೇರಿಯಂ ಇರುವ ಬಲ್ಕ್‌ಗಳಲ್ಲಿ ಅವು ಬೇರಿಯಂ ಜಾಗದಲ್ಲಿ ಕೂತು ಇದೇ ಕೆಲಸ ಮಾಡುತ್ತವೆ. ಟ್ವಿನ್ ಬೌಂಡರಿಗಳದ್ದು (ಹರಳಿನೊಳಗೆ ಜೋಡಣೆಯ ದಿಕ್ಕು ಬದಲಾಗುವ ಗಡಿಗಳದ್ದು) ಬೇರೆ ರಗಳೆ, ವೋರ್ಟೆಕ್ಸ್ ಅಡ್ಡ ದಾಟುವುದನ್ನು ತಡೆಯುತ್ತವೆ, ಉದ್ದಕ್ಕೆ ಹರಿಯಲು ದಾರಿ ಬಿಡುತ್ತವೆ.

ಪ್ರಶ್ನೆ ಕೇಳಿದವರು:
ಈಗ ಹೊಳೆಯಿತು! ಹಾಗಾದರೆ ಪಿನ್ನಿಂಗ್ ಹೆಚ್ಚಿಸುತ್ತಾ ಹೋದರೆ ಹಿಡಿದಿಡುವ ಫೀಲ್ಡ್ ಕೂಡ ಏರುತ್ತಲೇ ಹೋಗುತ್ತದಾ?

ಉತ್ತರ 3:
ಇಲ್ಲ, ಅದಕ್ಕೆ ಮೊದಲೇ ಬಲ್ಕ್ ಸೀಳಬಹುದು. ಪಿನ್ ಆದ ಫ್ಲಕ್ಸ್ ಹೊರಕ್ಕೆ ತಳ್ಳುತ್ತದೆ, ಇದೋ ಸೆರಾಮಿಕ್, ಎಳೆತ ತಾಳಲ್ಲ. 2003ರಲ್ಲಿ ಜಪಾನಿನ ತಂಡ ಬಲ್ಕ್ ಸೀಳದಿರಲಿ ಅಂತ ರೆಸಿನ್ (ಗಟ್ಟಿಯಾಗುವ ಅಂಟು) ತುಂಬಿಸಿ 29 ಕೆಲ್ವಿನ್‌ನಲ್ಲಿ 17.24 ಟೆಸ್ಲಾ ಹಿಡಿದಿಟ್ಟಿತು. 2014ರಲ್ಲಿ ಕೇಂಬ್ರಿಡ್ಜ್ ತಂಡ ಗ್ಯಾಡೊಲಿನಿಯಂ ಬಲ್ಕ್‌ಗೆ ಬಿಗಿಯಾದ ಸ್ಟೀಲ್ ಬಳೆ ತೊಡಿಸಿ 26 ಕೆಲ್ವಿನ್‌ನಲ್ಲಿ 17.6ಕ್ಕೆ ಹೋಯಿತು. ಹನ್ನೊಂದು ವರ್ಷಕ್ಕೆ ಏರಿದ್ದು ಇಷ್ಟೇ ನೋಡಿ. ನನ್ನ ಪ್ರಕಾರ ಹೆಚ್ಚು ಫೀಲ್ಡಿಗೆ ಬೇಕಿರುವವರು ಪಿನ್‌ಗಿಂತ ಮೊದಲು ಬಳೆಯ ಬಗ್ಗೆ ಯೋಚಿಸಬೇಕು. 77 ಕೆಲ್ವಿನ್‌ನಲ್ಲೇ ಕೆಲಸ ಮಾಡುವವರಿಗೆ ಮಾತ್ರ ಕಣದ ಗಾತ್ರವೇ ಮುಖ್ಯ.