ನೀರಿನ ಕೊಳವೆಯಲ್ಲಿ ಶಬ್ದದ ವೇಗ ಅಳೆದರೆ ಪ್ರತಿ ಸಲವೂ ಕಡಿಮೆ ಬರುತ್ತಿದೆ

ಕೊಳವೆಗಾರ:
ಮೂರು ದಿನದಿಂದ ಇದೇ ಗೋಳು. 60 ಸೆಂ.ಮೀ. ಉದ್ದದ, 4 ಸೆಂ.ಮೀ. ಒಳವ್ಯಾಸದ ಪ್ಲಾಸ್ಟಿಕ್ ಕೊಳವೆಯನ್ನು ಆಳವಾದ ನೀರಿನ ಪಾತ್ರೆಯಲ್ಲಿ ನೆಟ್ಟಗೆ ಇಳಿಸಿ, ಅದರ ಬಾಯಿಯ ಮೇಲೆ ಮೊಬೈಲ್ ಹಿಡಿದು 512 ಹರ್ಟ್ಸ್ ಸ್ವರ ನುಡಿಸುತ್ತೇನೆ. ಕೊಳವೆಯನ್ನು ನಿಧಾನವಾಗಿ ಮೇಲೆತ್ತುತ್ತಾ ಹೋದಾಗ, ನೀರಿನ ಮಟ್ಟದಿಂದ ಬಾಯಿಯವರೆಗೆ 15.7 ಸೆಂ.ಮೀ. ಇರುವಲ್ಲಿ ಸದ್ದು ಒಮ್ಮೆಲೇ ತುಂಬಿಕೊಳ್ಳುತ್ತದೆ. ಇದು ತರಂಗದೂರದ ಕಾಲು ಭಾಗ ಎಂದು ಹಿಡಿದು 4 × 512 × 0.157 ಎಂದು ಗುಣಿಸಿದರೆ ಸಿಗುವುದು ಸೆಕೆಂಡಿಗೆ 321.5 ಮೀಟರ್. ಕೋಣೆಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್. ಬರಬೇಕಾದದ್ದು 346ರ ಆಸುಪಾಸು. ಹತ್ತು ಸಲ ಅಳೆದರೂ ಒಂದು ಮಿ.ಮೀ. ಆಚೀಚೆ, ಅಷ್ಟೇ. ಸಾಲದ್ದಕ್ಕೆ 24 ಸೆಂ.ಮೀ. ಹತ್ತಿರ ಇನ್ನೊಂದು ಸಣ್ಣ ಗುಂಯ್‌ಗುಟ್ಟುವಿಕೆ. ಅದಕ್ಕಂತೂ ನನ್ನ ಲೆಕ್ಕದಲ್ಲಿ ಜಾಗವೇ ಇಲ್ಲ. ಎಲ್ಲಿ ಎಡವುತ್ತಿದ್ದೇನೆ?

ತಂಗಾಳಿ:
ನೀರಿಗೆ ತಾಗಿದ ಗಾಳಿ ಕೋಣೆಯ ಗಾಳಿಗಿಂತ ತಣ್ಣಗಿರುತ್ತದೆ. ತಣ್ಣನೆಯ ಗಾಳಿಯಲ್ಲಿ ಶಬ್ದ ನಿಧಾನ. ಕೊಳವೆಯೊಳಗಿನ ಉಷ್ಣತೆ ನೋಡಿದ್ದೀರಾ?

ನಿಸ್ಪಂದ:
ಉಷ್ಣತೆಯ ಮೇಲಿನ ಅನುಮಾನ ಸಹಜ, ಆದರೆ ಒಮ್ಮೆ ಲೆಕ್ಕ ಹಾಕಿ ನೋಡೋಣ. ಶೂನ್ಯ ಡಿಗ್ರಿಯಲ್ಲಿ ಶಬ್ದದ ವೇಗ ಸುಮಾರು 331.3, ಒಂದೊಂದು ಡಿಗ್ರಿಗೂ 0.6ರಷ್ಟು ಏರುತ್ತದೆ. 321.5 ಬರಬೇಕೆಂದರೆ ಗಾಳಿ ಶೂನ್ಯಕ್ಕಿಂತ 16 ಡಿಗ್ರಿ ಕೆಳಗಿರಬೇಕು. ಹಾಗಿದ್ದಿದ್ದರೆ ಕೊಳವೆಯನ್ನು ಮೇಲೆತ್ತುವ ಮಾತು ಹಾಗಿರಲಿ, ಪಾತ್ರೆಯಿಂದ ಬಿಡಿಸುವುದಕ್ಕೇ ಸುತ್ತಿಗೆ ಬೇಕಾಗುತ್ತಿತ್ತು.

ಕೊಳವೆಗಾರರೇ, ನಿಮ್ಮ ಅಳತೆ ಸರಿಯಾಗಿದೆ. ಹತ್ತು ಸಲವೂ ಅದೇ ತಪ್ಪು ಬರುತ್ತಿದೆ ಎಂದರೆ ಕೈ ನಡುಗುತ್ತಿಲ್ಲ, ಸೂತ್ರದಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ. ಬಿಟ್ಟುಹೋಗಿರುವುದು ತುದಿಯ ತಿದ್ದುಪಡಿ.

ನೀರಿನ ಮೇಲ್ಮೈಯಲ್ಲಿ ಗಾಳಿ ಅಲುಗಾಡಲಾರದು, ಅಲ್ಲಿ ನಿಸ್ಪಂದ. ಬಾಯಿಯ ಬಳಿ ಅದು ಹೆಚ್ಚು ಅಲುಗಾಡುತ್ತದೆ, ಅಲ್ಲಿ ಪ್ರಸ್ಪಂದ. ಇಷ್ಟು ಎಲ್ಲ ಪುಸ್ತಕಗಳಲ್ಲೂ ಇದೆ. ಆದರೆ ಪುಸ್ತಕದ ಚಿತ್ರ ಪ್ರಸ್ಪಂದವನ್ನು ಕೊಳವೆಯ ಅಂಚಿನಲ್ಲೇ ಗೆರೆ ಎಳೆದಂತೆ ನಿಲ್ಲಿಸುತ್ತದೆ, ಗಾಳಿಗೆ ಆ ಗೆರೆ ಕಾಣುವುದಿಲ್ಲ. ಒಳಗಿನಿಂದ ತಳ್ಳಿಸಿಕೊಂಡು ಬಂದ ಗಾಳಿ ಅಂಚು ದಾಟಿ, ಹೊರಗಿನ ಒಂದು ಮುಷ್ಟಿ ಗಾಳಿಯನ್ನೂ ತನ್ನ ಜೊತೆ ಆಡಿಸುತ್ತದೆ. ಹಾಗಾಗಿ ತರಂಗದ ಪಾಲಿಗೆ ಕೊಳವೆ ನಿಮ್ಮ ಅಳತೆಪಟ್ಟಿ ತೋರಿಸುವುದಕ್ಕಿಂತ ತುಸು ಉದ್ದ. ಸುತ್ತ ತಟ್ಟೆಯಿಲ್ಲದ ತೆರೆದ ಬಾಯಿಗೆ ಈ ಹೆಚ್ಚುವರಿ ಉದ್ದ ತ್ರಿಜ್ಯದ ಸುಮಾರು 0.6ರಷ್ಟು. ತೆಳು ಗೋಡೆಯ ಕೊಳವೆಗೆ ಲೆವಿನ್ ಮತ್ತು ಶ್ವಿಂಗರ್ 1948ರಲ್ಲಿ ಕಂಡುಕೊಂಡ ಬೆಲೆ 0.6133. ನಿಮ್ಮ ತ್ರಿಜ್ಯ 2 ಸೆಂ.ಮೀ., ಆದ್ದರಿಂದ ಸುಮಾರು 1.2 ಸೆಂ.ಮೀ. ಸೇರಿಸಬೇಕು: 16.9. ಈಗ ಗುಣಿಸಿ ನೋಡಿ.

ಆದರೂ ಆ 0.6ನ್ನು ನಂಬಿ ಕೂರುವುದು ನನಗೆ ಇಷ್ಟವಿಲ್ಲ. ಮೊಬೈಲನ್ನು ಬಾಯಿಗೆ ತೀರಾ ಹತ್ತಿರ ಹಿಡಿದರೆ ಹೊರಗಿನ ಗಾಳಿಗೆ ಅಡ್ಡವಾಗಿ ಆ ಬೆಲೆಯೇ ಬದಲಾಗುತ್ತದೆ. ಕೊಳವೆಯನ್ನು ಇನ್ನೂ ಮೇಲೆತ್ತಿ ಎರಡನೆಯ ಅನುನಾದ, ಅಂದರೆ ಸದ್ದು ಮತ್ತೆ ತುಂಬಿಕೊಳ್ಳುವ ಜಾಗ, ಹುಡುಕಿ. ಅದು ತರಂಗದೂರದ ಮುಕ್ಕಾಲು ಭಾಗದ್ದು. ಎರಡರಲ್ಲೂ ತಿದ್ದುಪಡಿ ಒಂದೇ ಆದ್ದರಿಂದ ಕಳೆದಾಗ ಅದು ತಾನಾಗಿಯೇ ಹೋಗುತ್ತದೆ. ಉಳಿಯುವುದು ಅಪ್ಪಟ ಅರ್ಧ ತರಂಗದೂರ.

ಇನ್ನು 24ರ ಗುಂಯ್‌ಗುಟ್ಟುವಿಕೆ. ಅದು ನಿಮ್ಮ ಸ್ವರಕ್ಕಿಂತ ಒಂದು ಸ್ಥಾಯಿ ಮೇಲಿದೆಯೇ, ಕಿವಿಗೊಟ್ಟು ಕೇಳಿ. ಸದ್ದನ್ನು ಪೂರ್ತಿ ಏರಿಸಿದರೆ ಮೊಬೈಲಿನ ಪುಟ್ಟ ಸ್ಪೀಕರ್ 512ರ ಜೊತೆ 1024ನ್ನೂ ಬೆರೆಸಿಬಿಡುತ್ತದೆ. 1024ರ ಮುಕ್ಕಾಲು ತರಂಗದೂರ 25.3, ಅದರಲ್ಲಿ 1.2 ಕಳೆಯಿರಿ. ನನ್ನ ಊಹೆ ನಿಜವಾದರೆ 7 ಸೆಂ.ಮೀ. ದಾಟಿದ ಕೂಡಲೇ ಅದೇ ಕೀರಲು ಇನ್ನೊಮ್ಮೆ ಸಿಗಬೇಕು. ಸದ್ದು ತಗ್ಗಿಸಿದರೆ ಎರಡೂ ಅಡಗಬೇಕು.

ತಂಗಾಳಿ:
ಸುತ್ತಿಗೆಯ ಮಾತನ್ನು ಒಪ್ಪಿಕೊಂಡೆ. ಆದರೆ ಕೊನೆಯ ಉತ್ತರವನ್ನು ಹೋಲಿಸುವಾಗ ಕೊಳವೆಯೊಳಗಿನ ಉಷ್ಣತೆಯನ್ನೇ ಬಳಸಬೇಕು, ಅಷ್ಟಂತೂ ಬಿಟ್ಟುಕೊಡುವುದಿಲ್ಲ.

ನಿಸ್ಪಂದ:
ಅದರಲ್ಲಿ ತಕರಾರಿಲ್ಲ.

ಕೊಳವೆಗಾರ:
ಎರಡನೆಯದು 49.5ರಲ್ಲಿ ಸಿಕ್ಕಿತು. ವ್ಯತ್ಯಾಸ 33.8, 2 × 512 × 0.338 = 346.1! ಅಲ್ಲಿಗೇ ನಿಲ್ಲಿಸಲು ಮನಸ್ಸಾಗದೆ 2 ಸೆಂ.ಮೀ. ವ್ಯಾಸದ ಸಣ್ಣ ಕೊಳವೆಯಲ್ಲೂ ನೋಡಿದೆ: 16.3 ಮತ್ತು 50.2. ವೇಗ 347.1, ತಿದ್ದುಪಡಿ 0.65 ಸೆಂ.ಮೀ. ವ್ಯಾಸ ಅರ್ಧವಾದರೆ ತಿದ್ದುಪಡಿಯೂ ಸುಮಾರು ಅರ್ಧ. ಆ ಒಂದು ಮೀಟರಿನ ಏರುಪೇರಿಗೆ ಕಾರಣ ಕಣ್ಣೆದುರೇ ಇತ್ತು: ನೀರು ಕೊಳವೆಯ ಗೋಡೆಗೆ ಅಂಟಿ ಅಂಚಿನಲ್ಲಿ ಮೇಲೇರುತ್ತದೆ, ನಾನು ಒಮ್ಮೆ ಅಂಚನ್ನು, ಒಮ್ಮೆ ನಡುವಿನ ತಗ್ಗನ್ನು ಓದಿದ್ದೆ. ಒಂದು ಮಿ.ಮೀ. ತಪ್ಪಿದರೆ ಇಲ್ಲಿ ವೇಗದಲ್ಲಿ ಒಂದು ಮೀಟರ್ ತಪ್ಪುತ್ತದೆ.

ತಂಗಾಳಿಯವರೇ, ಒಳಗೆ 24.5 ಡಿಗ್ರಿ ಇತ್ತು.

ಕೀರಲು 7.2ರಲ್ಲಿ ಸಿಕ್ಕಿತು. ಸದ್ದನ್ನು ಅರ್ಧಕ್ಕೆ ಇಳಿಸಿದ ಮೇಲೆ ಎರಡು ಕಡೆಯೂ ಇಲ್ಲ.