ಅಪ್‌ಡೇಟ್: ಉಂಚಳ್ಳಿ ಜಲಪಾತಕ್ಕೆ ಹೋಗಿ ಬಂದೆ

ಸಿದ್ದಾಪುರದ ಕಡೆಯ ಉಂಚಳ್ಳಿ ಜಲಪಾತದಲ್ಲಿ ನೀರು ಹಾಲಿನ ಹಾಗೆ ಕಾಣುವ ಫೋಟೋ ತೆಗೆಯೋದು ಹೇಗೆ, ಎನ್‌ಡಿ ಫಿಲ್ಟರ್ (ಲೆನ್ಸ್‌ಗೆ ಬರುವ ಬೆಳಕು ತಗ್ಗಿಸುವ ಕಪ್ಪು ಗಾಜು) ಕೊಳ್ಳಲೇಬೇಕಾ ಅಂತ ಕೇಳಿದ್ದೆ. ಮೋಡ ಇರುವ ದಿನ ಹೋಗಿ, ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಸಾಕು ಅಂದಿದ್ದಿರಿ. ನಿಜ, ಸಾಕಾಯಿತು.

ಕ್ಯಾಮೆರಾ ಸೆಟ್ಟಿಂಗ್: ಐಎಸ್‌ಒ 100, ಎಫ್/16, ಶಟರ್ ಕಾಲು ಸೆಕೆಂಡ್. ಒದ್ದೆ ಎಲೆಗಳ ಹೊಳಪು ಹೋಗಿ ಹಸಿರು ಚೆನ್ನಾಗಿ ಬಂತು. ಗೆಳೆಯನ ಎನ್‌ಡಿ ಹಾಕಿ ಎರಡು ಸೆಕೆಂಡ್‌ನಲ್ಲೂ ತೆಗೆದೆ. ನೀರು ಸುಮ್ನೆ ಹತ್ತಿ ಮೆತ್ತಿದ ಹಾಗಾಯಿತು, ಗಾಳಿಗೆ ಕೊಂಬೆಗಳೆಲ್ಲ ಮಸುಕು. ನನಗೆ ಕಾಲು ಸೆಕೆಂಡೇ ಇಷ್ಟ.

ಯಾರೂ ಹೇಳದ ಕಷ್ಟ ಅಂದ್ರೆ ತುಂತುರು. ಅಘನಾಶಿನಿ 116 ಮೀಟರ್ ಮೇಲಿಂದ ಬೀಳುತ್ತಾಳೆ, ಅಲ್ವಾ? ಗಾಳಿ ನಮ್ಮ ಕಡೆ ತಿರುಗಿದರೆ ಲೆನ್ಸ್ ತುಂಬ ಹನಿ. ಒರೆಸು, ಕ್ಲಿಕ್ಕಿಸು, ಮತ್ತೆ ಒರೆಸು. ತಂದಿದ್ದ ಒಂದೇ ಬಟ್ಟೆ ಹತ್ತು ನಿಮಿಷಕ್ಕೆ ಒದ್ದೆ. ಕೊನೆಗೆ ಬನಿಯನ್ನೇ ಗತಿ! ಜೊತೆಗಾರನನ್ನು ಕೂಗಿದರೂ ಕೇಳಿಸಲಿಲ್ಲ. ಈ ಜಲಪಾತಕ್ಕೆ ಕೆಪ್ಪ ಜೋಗ ಅನ್ನೋ ಇನ್ನೊಂದು ಹೆಸರು ಸುಮ್ನೆ ಬಂದಿಲ್ಲ.

ಉಂಬಳಕ್ಕೆ ಸುಣ್ಣ, ತಂಬಾಕು ಹಚ್ಚಿಕೊಂಡೇ ಹೋಗಿದ್ದೆ. ಆದರೂ ಮೂರು ಕಚ್ಚಿದವು. ಒಂದು ಟ್ರೈಪಾಡ್ ಕಾಲು ಹತ್ತುತ್ತಿತ್ತು, ಅದರ ಫೋಟೋನೇ ಎಲ್ಲಕ್ಕಿಂತ ಶಾರ್ಪ್ ಆಗಿ ಬಂದಿದೆ.